ಬೋಳಗುಡ್ಡದ ನೆತ್ತಿ ಯಾವುದು?

ಹಾವೇರಿಯ ಕೋರ್ಟಿನ ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಪೊಲೀಸಮ್ಮ ಮೊನ್ನೆ ನನ್ನ ಚೀಲದೊಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಪೈಪಿನ ತುಂಡನ್ನು ಹೊರಗೆಳೆದಳು. ಸತ್ತ ಹಾವನ್ನು ಎತ್ತಿದವಳ ಹಾಗೆ ಎರಡೇ ಬೆರಳಲ್ಲಿ ಹಿಡಿದು, "ಏನ್ರಿ ವಕೀಲ್ರ ಇದು?" ಅಂದಳು. ಗೌಂಡಿಗಳು ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತಾರಲ್ಲ, ಆ ಪಾರದರ್ಶಕ ಪೈಪು. ಒಳಗೆ ಕೆಂಪಗೆ ಏನೋ ಒಣಗಿ ಅಂಟಿತ್ತು.

"ಗುಡ್ಡದ ಎತ್ತರ ನೋಡೋದ್ರಿ," ಅಂದೆ.

"ಒಳಗ ರಕ್ತ ಏನ್ರಿ?"

"ಶರಬತ್ತು."

ಆಕೆ ನನ್ನ ಮುಖ ನೋಡಿದಳು, ಪೈಪು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಕೊಳಾಯಿ ರಿಪೇರಿಗೆ ಅಂತ ಸುಳ್ಳು ಹೇಳಿದ್ದರೆ ಆ ಕ್ಷಣವೇ ಒಳಗೆ ಬಿಡುತ್ತಿದ್ದಳು. ನಿಜ ಹೇಳಿದ್ದರಿಂದ ಚೀಲವನ್ನು ಇನ್ನೊಮ್ಮೆ ಪೂರ್ತಿ ತಡಕಿದಳು. ಹೋಗಲಿ, ಆಕೆಗೆ ಹೇಳದೆ ಉಳಿದ ಕಥೆಯನ್ನು ನಿಮಗಾದರೂ ಹೇಳುತ್ತೇನೆ. ನೀವು ತಡಕುವುದಿಲ್ಲ ಎಂಬ ನಂಬಿಕೆ ನನಗಿದೆ. ನಂಬಿಕೆ ಎಂಬ ಶಬ್ದವನ್ನು ನಾನು ಬಳಸುವುದು ಅಪರೂಪ, ಗಮನಿಸಿ.

ಶಾಲೆಯಿಂದ ಕಾನೂನು ಕಾಲೇಜಿನವರೆಗೆ ನಾನು ಮಾಡಿದ ಒಂದೇ ವ್ಯಾಯಾಮವೆಂದರೆ ಚರ್ಚಾಸ್ಪರ್ಧೆ. ಅಲ್ಲಿ ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ರಾಣೆಬೆನ್ನೂರಿನಲ್ಲಿ ವಿಜ್ಞಾನ ವರವೆಂದು ಮೇಜು ಕುಟ್ಟಿ, ಮುಂದಿನ ವಾರ ಹಾವೇರಿಯಲ್ಲಿ ಅದೇ ವಿಜ್ಞಾನ ಶಾಪವೆಂದು ಅದಕ್ಕಿಂತ ಜೋರಾಗಿ ಮೇಜು ಕುಟ್ಟಿ, ಎರಡೂ ಕಡೆಯಿಂದ ಸ್ಟೀಲ್ ಡಬ್ಬಿ ಗೆದ್ದು ತಂದವಳು ನಾನು. ನಮ್ಮ ಅಡುಗೆಮನೆಯಲ್ಲಿ ವರದ ಡಬ್ಬಿಯಲ್ಲಿ ಅವಲಕ್ಕಿ ಇದೆ, ಶಾಪದ ಡಬ್ಬಿಯಲ್ಲಿ ಪುಟಾಣಿ, ಅಂದರೆ ಹುರಿಗಡಲೆ, ಇದೆ. "ಇಕಿ ಬಾಯಿ ಮುಚ್ಚಲಿ ಅಂತ ಪಾಪ, ಮುಚ್ಚಳ ಇದ್ದ ಡಬ್ಬೀನ ಕೊಟ್ಟಾರ. ಇಕಿಗೆ ತಿಳೀವಲ್ದು," ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಹೀಗೆ ಎರಡೂ ಮಗ್ಗುಲು ವಾದಿಸಿ ವಾದಿಸಿ ಯಾವ ಮಾತನ್ನೂ ಅದು ಬಂದ ಹಾಗೆ ಒಪ್ಪದ ಒಂದು ಚಟ ನನಗೆ ಅಂಟಿತು. ಅದರ ಬೇರು ಹುಡುಕಿದರೆ ಡ್ರಾಯಿಂಗ್ ಕ್ಲಾಸಿಗೆ ಹೋಗುತ್ತದೆ. ನಮ್ಮ ಮಾಸ್ತರರು ಗುಡ್ಡವೆಂದರೆ ತ್ರಿಕೋನ ಎಂದು ಕಲಿಸಿದ್ದರು. ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಮೇಲೆ ನಾಲ್ಕು ಎಂಬ ಅಂಕಿಯನ್ನು ಮಗುಚಿ ಹಾಕಿದಂಥ ಹಕ್ಕಿಗಳು. ಆದರೆ ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೂತು ನೋಡಿದರೆ ಬೋಳಗುಡ್ಡ ತ್ರಿಕೋನವಾಗಿರಲಿಲ್ಲ. ಅದು ಮಲಗಿದ ಎಮ್ಮೆಯ ಹಾಗಿತ್ತು. ಊರು ಬಿಡುವಾಗ ಈಚೆಯ ದಿಬ್ಬ ಎತ್ತರ ಕಾಣುತ್ತಿತ್ತು. ರಸ್ತೆ ತಿರುಗಿದ ಮೇಲೆ ಆಚೆಯ ದಿಬ್ಬ ತಲೆ ಎತ್ತಿ ಈಚೆಯದು ಕುಗ್ಗುತ್ತಿತ್ತು. ಗುಡ್ಡ ಎದ್ದು ಕೂತು ಮಗ್ಗುಲು ಬದಲಿಸಿತೇನೋ ಅನ್ನುವ ಹಾಗೆ. "ಅವ್ವಾ, ಖರೇ ಎತ್ತರ ಯಾವ್ದು?" ಎಂದು ಕೇಳಿದ್ದಕ್ಕೆ ಅವ್ವ, "ಕಿಟಕಿ ಮುಚ್ಚು, ಗಾಳಿ ಬರ್ತೈತಿ," ಅಂದಿದ್ದಳು. ಉತ್ತರ ಸಿಗದ ಪ್ರಶ್ನೆಗಳು ನನ್ನಲ್ಲಿ ಸಾಯುವುದಿಲ್ಲ, ಹಳೆಯ ಉಪ್ಪಿನಕಾಯಿಯ ಹಾಗೆ ಮೂಲೆಯಲ್ಲಿ ಕೂತು ಹುಳಿಯೇರುತ್ತವೆ.

ಇನ್ನು ಮಲ್ಲಣ್ಣ ಕಾಕಾನ ವಿಷಯ. ನನ್ನ ಅಪ್ಪನ ತಮ್ಮ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಖರೀದಿಯ ಅಂಗಡಿ. ಬ್ಯಾಡಗಿಯ ಮಕ್ಕಳು ಸೀನುವುದಿಲ್ಲ. ಬ್ಯಾಡಗಿಗೆ ಬಂದ ನೆಂಟರು ಬಸ್ಸಿಳಿಯುವ ಮೊದಲೇ ಸೀನುತ್ತಾರೆ. ರಜೆಯಲ್ಲಿ ನಾನು ಕಾಕಾನ ಬೆನ್ನು ಹಿಡಿದು ರಾಶಿಗಳ ನಡುವೆ ತಿರುಗುತ್ತಿದ್ದೆ. ಎತ್ತ ನೋಡಿದರೂ ಕೆಂಪು, ನೆಲವೇ ಕೆಂಪು. ಒಂದು ರಾಶಿಯ ಮುಂದೆ ನಿಂತರೆ ಕಾಕಾ ಮೇಲಿನ ಕಾಯಿಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈಯವರೆಗೆ ಕೈಯನ್ನು ರಾಶಿಯ ಹೊಟ್ಟೆಯೊಳಗೆ ತೂರಿಸಿ, ಅಲ್ಲಿಂದ ಒಂದು ಹಿಡಿ ತೆಗೆದು ಮೂಸುತ್ತಿದ್ದರು, ಮುರಿಯುತ್ತಿದ್ದರು. "ನೋಡು ಹುಡುಗಿ, ರಾಶಿ ನೆತ್ತಿ ಮ್ಯಾಲ ಎಲ್ಲಾರೂ ಚಲೋ ಕಾಯಿ ಇಡ್ತಾರ. ಅದು ಮದಿವಿ ಹೆಣ್ಣಿನ ಅರಿವಿ ಇದ್ದಂಗ. ಹೊಟ್ಟ್ಯಾಗ ಕೈ ಹಾಕದ ಧಾರಣಿ ಬರೀಬಾರ್ದು." ನಾನೂ ಕೈ ಹಾಕಿದೆ. ಆಮೇಲೆ ಅದೇ ಕೈಯಲ್ಲಿ ಕಣ್ಣುಜ್ಜಿದೆ. ಅಂದು ಅತ್ತ ಅಳು ಬ್ಯಾಡಗಿ ಸ್ಟೇಶನ್ನಿನವರೆಗೆ ಕೇಳಿಸಿತಂತೆ. ಕಾಕಿ ಕೊಬ್ಬರಿ ಎಣ್ಣೆ ಹಚ್ಚುತ್ತ, "ಕಣ್ಣು ಮುಚ್ಕೊಂಡು ಏನೂ ನಂಬಬ್ಯಾಡ ಅಂದ್ರ, ಕಣ್ಣಾಗ ಹಾಕ್ಕೊಂಡು ನೋಡ್ತೀಯಲ್ಲ ಯವ್ವಾ," ಅಂದಿದ್ದಳು.

ಕಾಕಾನ ಒಂದು ಗುಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಕೂರುವುದಿಲ್ಲ. ಮಾರುಕಟ್ಟೆಯ ದಿನ ಬೆಳಗ್ಗೆ ನಿಂತರೆ ಸಂಜೆಯವರೆಗೆ ನಿಂತೇ. ಚಹಾ ನಿಂತು, ಊಟ ನಿಂತು. ಮನೆಯಲ್ಲಿ ಕಾಕಿ ತಾಟು ಹಾಕಿ ಕರೆದರೆ ಬಾಗಿಲಲ್ಲಿ ನಿಂತು ರೊಟ್ಟಿ ಸುರುಳಿ ಸುತ್ತಿಕೊಂಡು ಹೊರಡುವ ಆಸಾಮಿ. "ಕುಂದರ್ರೀ ಅಂದಿದ್ದು ಇವ್ರ ಕಿವಿಗೆ ಬೈದಂಗ ಕೇಳಸ್ತೈತಿ," ಎಂದು ಕಾಕಿ ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾಳೆ. ಹೋದ ವರ್ಷ, ರಾಶಿಗಳಿಗೆ ಧಾರಣೆ ಬರೆದು ಹಾಕುವ ಒಂದು ಟೆಂಡರಿನ ದಿನ, ಕಾಕಾನ ಎದೆ ಹಿಡಿಯಿತು. ಪಕ್ಕದಲ್ಲಿ ಖಾಲಿ ಚೀಲದ ವ್ಯಾಪಾರ ಮಾಡುವ ಖಾದರ ಚಾಚಾ, ಕಾಕಾನ ಬಾಲ್ಯದ ಗೆಳೆಯ, "ಕುಂದ್ರೋ ಮಲ್ಲಣ್ಣ, ಕುಂದ್ರೋ," ಎಂದು ಬಡಕೊಂಡರಂತೆ. "ಇದೊಂದ ರಾಶಿ ನೋಡಿ ಕುಂದರ್ತೇನಿ," ಎಂದು ಕಾಕಾ ಕೈಯನ್ನು ರಾಶಿಗೆ ತೂರಿಸಿ, ಅದರ ಮೇಲೆಯೇ ಬಿದ್ದರಂತೆ. ಹುಬ್ಬಳ್ಳಿಯ ಡಾಕ್ಟರು ಹೃದಯ ಪರೀಕ್ಷಿಸುವ ಮೊದಲು ನಾಲ್ಕು ಸಲ ಸೀನಿದರು ಎಂಬುದು ಚಾಚಾನ ಸಾಕ್ಷ್ಯ. ಚಾಚಾನ ಸಾಕ್ಷ್ಯವನ್ನು ನಾನು ಅರ್ಧಕ್ಕೆ ಹಿಡಿಯುತ್ತೇನೆ. ಎರಡು ಸಲ ಸೀನಿರಬಹುದು.

ಸ್ಟೆಂಟ್ ಹಾಕಿಸಿಕೊಂಡು ಕಾಕಾ ಮನೆಗೆ ಬಂದರು. ಅಂಗಡಿಯ ಕೀಲಿ ಕಾಕಿಯ ಸೊಂಟಕ್ಕೆ ಹೋಯಿತು. ಬೆಳಗ್ಗೆ ಗುಮಾಸ್ತ ಬಂದು ಕಾಕಿಯ ಕೈಯಿಂದ ಕೀಲಿ ಪಡೆಯುವುದು, ಸಂಜೆ ಕಾಕಿಯ ಕೈಗೇ ಒಪ್ಪಿಸುವುದು. ಆ ಕೀಲಿ ಕಣ್ಣೆದುರೇ ಹೋಗಿ ಬರುವುದನ್ನು ಕಾಕಾ ಪಡಸಾಲೆಯಲ್ಲಿ ನಿಂತು ನೋಡಬೇಕು. ಹೌದು, ನಿಂತೇ. ಔಷಧ ತಪ್ಪಲಿಲ್ಲ, ಊಟ ಸೇರಲಿಲ್ಲ. ಟಿ.ವಿ.ಯಲ್ಲಿ ಧಾರಣೆ ಹೇಳುವಾಗ ಮಾತ್ರ ಕಣ್ಣು ಹೊಳೆಯುತ್ತಿತ್ತು. ಇನ್ನು ಅಂಗಡಿಗೆ ಹೋಗಬಹುದೇ ಎಂದು ಕೇಳಿದರೆ ಡಾಕ್ಟರು, ಮಹಡಿ ಹತ್ತಿ ತೇಕು ಬರದಿದ್ದರೆ ಹೋಗಬಹುದು ಅಂದರು. ಕಾಕಿಗೆ ಮಹಡಿಯ ಮೇಲೆ ವಿಶ್ವಾಸವಿಲ್ಲ.

"ಮೆಟ್ಲಾ ಹತ್ತಿ ತೋರ್ಸೂದು ಬ್ಯಾಡ. ಬೋಳಗುಡ್ಡದ ನೆತ್ತಿ ಮುಟ್ಟಿ ಬರ್ರಿ, ಕೀಲಿ ಕೊಡ್ತೇನಿ," ಅಂದಳು. ಡಾಕ್ಟರಿಗೆ ಫೋನು ಹೋಯಿತು. ಸಾವಕಾಶ ಹತ್ತಿದರೆ ಅಡ್ಡಿಯಿಲ್ಲ ಎಂದು ಅಪ್ಪಣೆಯೂ ಬಂತು.

"ಖಾದರನ್ನ ಕರ್ಕೊಂಡು ಹೋಗ್ತೇನಿ," ಅಂದರು ಕಾಕಾ, ಕೀಲಿ ಸಿಕ್ಕೇಬಿಟ್ಟಿತು ಎಂಬ ಉತ್ಸಾಹದಲ್ಲಿ.

"ಹೋಗ್ರಿ. ಆದ್ರ ಖಾದರಸಾಬ್ರು ನಿಮ್ಮ ಸಲುವಾಗಿ ಎವರೆಸ್ಟ್ ಹತ್ತೀವಿ ಅಂತ ಬೇಕಾದ್ರೂ ಹೇಳಾವ್ರು. ಸಾಕ್ಷಿ ಬ್ಯಾರೆ ಬೇಕು." ಕಾಕಿ ನನ್ನ ಕಡೆ ನೋಡಿದಳು. "ಇಕಿ ಹೋಗ್ಲಿ. ಇಕಿ ಹಡೆದವ್ವನ್ನೂ ಬಿಡಾಕಿ ಅಲ್ಲ."

ಇದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಅವ್ವ ಒಳಗಿನಿಂದ "ಖರೇ ಐತಿ" ಅಂದಳು.

ಚಳಿಗಾಲದ ಒಂದು ರವಿವಾರ ಬೆಳಗ್ಗೆ ಮೂವರೂ ಹೊರಟೆವು. ನಮ್ಮ ಮನೆಯ ಮಾಳಿಗೆ ಕಟ್ಟುತ್ತಿದ್ದ ಗೌಂಡಿಯ ಪೈಪಿನಿಂದ ಒಂದು ತುಂಡನ್ನು ಕತ್ತರಿಸಿಕೊಂಡು ಚೀಲಕ್ಕೆ ಹಾಕಿದ್ದೆ. ಬಸ್ಸಿನ ಕಿಟಕಿಯ ಆ ಹಳೆಯ ಪ್ರಶ್ನೆ ಇನ್ನೂ ಹುಳಿಯಾಗುತ್ತಲೇ ಇತ್ತಲ್ಲ. ಗುಡ್ಡದ ಬುಡದಲ್ಲಿ ಕವಳಿಹಣ್ಣಿನ ಕಂಟಿ, ಮೇಲೆ ಒಣಗಿದ ಕರಡದ ಹುಲ್ಲು, ಅದರ ನಡುವೆ ಆಡುಗಳು ತುಳಿದು ಮಾಡಿದ ದಾರಿ. ಅಷ್ಟೆ. ಬೋಳಗುಡ್ಡಕ್ಕೆ ಹೆಸರಿಟ್ಟವರು ಅತಿಶಯೋಕ್ತಿ ಮಾಡಿಲ್ಲ.

ಕಾಕಾ ತಮ್ಮ ಜೀವಮಾನದಲ್ಲಿ ನಿಸರ್ಗವನ್ನು ನೋಡಿದವರಲ್ಲ. ಅಂದು ಸ್ವಲ್ಪ ಏರಿದ ಕೂಡಲೇ ನಿಂತು ತೋರಿಸತೊಡಗಿದರು. "ಅಗಾ, ಆ ಬೆಳ್ಳನ್ನ ಪೆಟಿಗಿ ಕಾಣ್ತಾವಲ್ಲ, ನಮ್ಮ ಕೋಲ್ಡ್ ಸ್ಟೋರೇಜು." ಇನ್ನಷ್ಟು ಏರಿ, "ಅಗಾ, ಕುಮಾರಪಟ್ಟಣದ ಫ್ಯಾಕ್ಟರಿ ಹೊಗಿ." ಇನ್ನಷ್ಟು ಏರಿ, "ಅಗಾ, ಐರಣಿ ಕಡೆ ಹೊಳಿ, ಬೆಳ್ಳಿ ಎಳಿ ಇದ್ದಂಗ." ನಿಸರ್ಗಪ್ರೇಮ ಎನ್ನುವುದು ಎಷ್ಟೋ ಸಲ ತೇಕಿನ ಮರ್ಯಾದಸ್ತ ಹೆಸರು ಎಂದು ನನಗೆ ಆವತ್ತು ಹೊಳೆಯಿತು. ಖಾದರ ಚಾಚಾಗೆ ಅಂಥ ಮುಚ್ಚುಮರೆ ಇರಲಿಲ್ಲ. ಕಂಡ ಕಲ್ಲಿನ ಮೇಲೆಲ್ಲ ಕೂತುಬಿಡುತ್ತಿದ್ದರು.

"ಕುಂದ್ರೋ ಮಲ್ಲಣ್ಣ. ಗುಡ್ಡ ಎಲ್ಲೂ ಓಡಿ ಹೋಗಾಕತ್ತಿಲ್ಲ."

"ಕುಂತ್ರ ಏಳೂದು ತ್ರಾಸು. ನೀ ಕುಂದ್ರು. ನೀ ಹುಟ್ಟಿದ್ದ ಚೀಲದ ಮ್ಯಾಲ."

"ಹೌದಪಾ. ಚೀಲದ ಮ್ಯಾಲ ಹುಟ್ಟಿದಾವ ನಾ, ರಾಶಿ ಮ್ಯಾಲ ಸಾಯಾಕ ಹೋದಾವ ನೀ."

ಕಾಕಾ ನಕ್ಕರು, ಆದರೆ ಕೂರಲಿಲ್ಲ.

ಹೊತ್ತೇರುವ ಮೊದಲೇ ಈಚೆಯ ದಿಬ್ಬದ ತುದಿ ಮುಟ್ಟಿದೆವು. ಅಲ್ಲಿ ಕಲ್ಲಿನ ಗುಪ್ಪೆಗಳು. ನಮ್ಮ ಕಡೆಯ ಪದ್ಧತಿ ಅದು: ಗುಡ್ಡ ಹತ್ತಿದವರು ನೆತ್ತಿಯ ಮೇಲೆ ಕಲ್ಲಿನ ಮೇಲೆ ಕಲ್ಲು ಪೇರಿಸಿದರೆ ಸ್ವಂತ ಮನೆ ಆಗುತ್ತದಂತೆ. ಹೊಸದಾಗಿ ಮದುವೆಯಾದವರನ್ನು ತಪ್ಪದೆ ಹತ್ತಿಸುತ್ತಾರೆ. ಕೆಲವರು ಒಂದಂತಸ್ತು ಇಡುತ್ತಾರೆ, ಆಸೆಬುರುಕರು ಮೂರಂತಸ್ತು. ಕಾಕಾ ಗುಪ್ಪೆಗಳ ನಡುವೆ ಬಗ್ಗಿ ನೋಡುತ್ತ, "ಇದ ನೋಡು, ನಾನೂ ನಿಮ್ಮ ಕಾಕೀನೂ ಇಟ್ಟದ್ದು," ಎಂದು ಒಂದು ಕಲ್ಲನ್ನು ತೋರಿಸಿದರು.

"ಹೋದ ಸಲ ಅದನ್ನ ತೋರಿಸಿದ್ದಿ," ಎಂದು ಚಾಚಾ ಇನ್ನೊಂದನ್ನು ತೋರಿಸಿದರು.

"ಎರಡೂ ನಮ್ವ. ಏ ವಕೀಲಮ್ಮ, ಫೋನ್ ಹಚ್ಚು ನಿಮ್ಮ ಕಾಕಿಗೆ. ನೆತ್ತಿ ಮುಟ್ಟ್ಯಾರ ಅಂತ ಹೇಳು."

ಫೋನು ತೆಗೆದೆ. ತೆಗೆದವಳು ತಲೆಯೆತ್ತಿದೆ. ಎದುರಿಗೆ, ಒಂದು ಹರಹಿನಾಚೆ, ಆಚೆಯ ದಿಬ್ಬ ಕೂತಿತ್ತು. ಕಣ್ಣಿಗೆ ಸಮ ಅನಿಸುತ್ತಿತ್ತು. ಆದರೆ ಕಣ್ಣು ಎಷ್ಟು ದೊಡ್ಡ ಸುಳ್ಳುಗಾರ ಎಂಬುದನ್ನು ಬಸ್ಸಿನಲ್ಲೇ ನೋಡಿದ್ದೆನಲ್ಲ.

"ತಡೀರಿ ಕಾಕಾ," ಎಂದು ಪೈಪು ಹೊರತೆಗೆದೆ.

"ಪೈಪ್ ಯಾಕ? ಇಲ್ಲೇನು ನೆಲಕ್ಕ ಫರಸಿ ಹಾಕಸ್ತೀ?"

"ಮಟ್ಟ ನೋಡತೇನ್ರಿ. ಪೈಪಿನ್ಯಾಗ ಬರೀ ನೀರು ಹಾಕಿದ್ರ ಕಾಣೂದಿಲ್ಲ. ಚಾಚಾ, ನಿಮ್ಮ ಶರಬತ್ತು ಕೊಡ್ರಿ."

"ಬೇಟಿ, ಅದು ಕುಡ್ಯಾಕ ಐತಿ, ಗುಡ್ಡ ಅಳ್ಯಾಕಲ್ಲ," ಅನ್ನುತ್ತಲೇ ಚಾಚಾ ಬಾಟಲಿ ಕೊಟ್ಟರು. ಪೈಪನ್ನು ಜೋಲಿಯ ಹಾಗೆ ಬಗ್ಗಿಸಿ ಕೆಂಪು ಶರಬತ್ತು ಸುರಿದೆ. ಎರಡೂ ಕೈಯಲ್ಲಿ ಎರಡು ತುದಿ ಹಿಡಿದರೆ ಎರಡೂ ಕಡೆ ಶರಬತ್ತು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಈಚೆಯ ಕೆಂಪಿನ ಮೇಲಿಂದ ಆಚೆಯ ಕೆಂಪಿಗೆ ದೃಷ್ಟಿ ಹಾಯಿಸಿ ಹಾಗೆಯೇ ಮುಂದಕ್ಕೆ ನೋಡಿದರೆ, ಆ ಗೆರೆಯ ಮೇಲೆ ಕಂಡದ್ದೆಲ್ಲ ನಮಗಿಂತ ಎತ್ತರ, ಕೆಳಗೆ ಕಂಡದ್ದು ತಗ್ಗು. ಇದರಲ್ಲಿ ದೇವರೂ ಇಲ್ಲ, ಪವಾಡವೂ ಇಲ್ಲ. ನೋಡಿದೆ. ಆಚೆಯ ದಿಬ್ಬ ಗೆರೆಯ ಮೇಲೆ ಸ್ಪಷ್ಟವಾಗಿ ತಲೆಯೆತ್ತಿತ್ತು.

"ಕಾಕಾ, ಇದು ನೆತ್ತಿ ಅಲ್ರಿ."

ಕಾಕಾ ತಾವೂ ನೋಡಿದರು, ಮುಚ್ಚಬೇಕಾದ ಕಣ್ಣು ಬಿಟ್ಟು, ಬಿಡಬೇಕಾದ ಕಣ್ಣು ಮುಚ್ಚಿ. ಏನೂ ಕಾಣುವುದಿಲ್ಲ ಅಂದರು. ಚಾಚಾ ನೋಡಿದರು. ಬಹಳ ಹೊತ್ತು ನೋಡಿದರು. ಗೆಳೆಯನ ಕೀಲಿ ಒಂದು ಕಡೆ, ಶರಬತ್ತಿನ ಗೆರೆ ಒಂದು ಕಡೆ. "ಅದ ಎತ್ತರ ಐತಿ ಮಲ್ಲಣ್ಣ," ಎಂದರು ಕೊನೆಗೆ, ತಮ್ಮದೇ ತಪ್ಪೆಂಬಂತೆ.

ಮುಂದೆ ನಡೆದದ್ದು ನಾನು ಕೇಳಿದ ಅತ್ಯುತ್ತಮ ಚರ್ಚೆಗಳಲ್ಲೊಂದು. ಕಾಕಾ ಮೊದಲು ಸಾಧನವನ್ನು ಹಿಡಿದರು: ಪೈಪು ಸೊಟ್ಟ ಇದೆ, ಗಾಳಿ ಇದೆ, ಶರಬತ್ತು ಗಟ್ಟಿ. ಇದು ದುರ್ಬಲ, ತಳ್ಳಿಹಾಕಿದೆ. ಆಮೇಲೆ ಬಹುಮತ ಹಿಡಿದರು: ಊರ ಮಂದಿಯೆಲ್ಲ ಕಲ್ಲಿಟ್ಟದ್ದು ಇಲ್ಲಿ, ಅಷ್ಟು ಮಂದಿ ಹುಚ್ಚರೇ? ಮಂದಿ ಜಾಸ್ತಿ ಇದ್ದರೆ ಗುಡ್ಡ ಎತ್ತರವಾಗುವುದಿಲ್ಲ ಅಂದೆ. ಆಗ ಕಾಕಾ ಮೂರನೆಯದನ್ನು ತೆಗೆದರು.

"ನಿಮ್ಮ ಕಾಕಿ ಏನಂದ್ಲು? ನೆತ್ತಿ ಮುಟ್ಟಿ ಬರ್ರಿ ಅಂದ್ಲು. ಅಕಿ ಮನಸಿನ್ಯಾಗಿನ ನೆತ್ತಿ ಯಾವ್ದು? ಮದಿವಿ ಆದ ವರ್ಷ ನನ್ನ ಕೂಡ ಬಂದು ಕಲ್ಲು ಇಟ್ಟದ್ದು ಎಲ್ಲಿ? ಇಲ್ಲೇ. ಕರಾರು ಮಾಡಿದಾಕಿ ಯಾವ ಅರ್ಥ ಇಟ್ಕೊಂಡು ಮಾತಾಡಿದ್ಲೋ ಆ ಅರ್ಥ ಹಿಡಿಬೇಕೋ, ನಿನ್ನ ಪೈಪಿನ ಅರ್ಥ ಹಿಡಿಬೇಕೋ? ನೀ ಕಾಯ್ದೆ ಓದಿದಾಕಿ, ನೀ ಹೇಳು."

ಭಲೆ ಅನಿಸಿತು. ನ್ಯಾಯಾಧೀಶರ ಕುರ್ಚಿಯಲ್ಲಿದ್ದರೆ ಅಲ್ಲೇ ತೀರ್ಪು ಬರೆದುಬಿಡುತ್ತಿದ್ದೆ. ಫೋನು ಮತ್ತೆ ಕೈಗೆ ಬಂದಿತ್ತು. ಅಷ್ಟರಲ್ಲಿ ಚಾಚಾ, ಯಾವ ದುರುದ್ದೇಶವೂ ಇಲ್ಲದೆ, ಮಿಕ್ಕ ಶರಬತ್ತನ್ನು ಕುಡಿಯುತ್ತ ಕೇಳಿದರು: "ಮಲ್ಲಣ್ಣ, ನಿಮ್ಮ ಮನಿ ಅಕ್ಕಾರ ತವರುಮನಿ ಗುಡ್ಡದ ಆ ಮಗ್ಗಲಕ್ಕ ಅಲ್ಲೇನು?"



ಆಚೆ ಬುಡದ ಹಳ್ಳಿಯವರಿಗೆ ಕಾಣುವುದು ಆಚೆಯ ದಿಬ್ಬ. ಅವರೂ ಕಲ್ಲು ಪೇರಿಸುತ್ತಾರೆ, ಅವರಿಗೆ ಕಂಡ ನೆತ್ತಿಯ ಮೇಲೆ. ಕಾಕಿ ಹುಡುಗಿಯಾಗಿದ್ದಾಗ ಹತ್ತಿದ್ದು ಅದನ್ನು. ನಮ್ಮ ನೆತ್ತಿಯೋ ನಿಮ್ಮ ನೆತ್ತಿಯೋ ಎಂದು ಮದುವೆಯಾದ ವರ್ಷ ಈ ಗುಪ್ಪೆಗಳ ಪಕ್ಕದಲ್ಲೇ ಶುರುವಾದ ಜಗಳ ಇಬ್ಬರ ನಡುವೆ ಇವತ್ತಿಗೂ ಇತ್ಯರ್ಥವಾಗಿಲ್ಲ ಎಂದು ಚಾಚಾ ನನಗೆ ವಿವರಿಸಿದರು. ಹಾಗಾದರೆ ಕರಾರು ಮಾಡಿದಾಕೆಯ ಮನಸ್ಸಿನಲ್ಲಿದ್ದ ನೆತ್ತಿ ಯಾವುದು? ಕಾಕಾನ ಮೂರನೆಯ ವಾದ ತಾನೇ ಎದ್ದು ಆಚೆಯ ದಿಬ್ಬಕ್ಕೆ ನಡೆದು ಹೋಯಿತು.

ಕಾಕಾ ಅತ್ತ ದಿಟ್ಟಿಸಿದರು. ಆ ನೋಟ ನನಗೆ ಗೊತ್ತು. ಮೇಲಿನ ಕಾಯಿ ಚೆನ್ನಾಗಿರುವ ರಾಶಿಯ ಮುಂದೆ ಅವರು ಹಾಗೆಯೇ ನಿಲ್ಲುತ್ತಾರೆ.

"ಹೊಟ್ಟ್ಯಾಗ ಕೈ ಹಾಕದ ಧಾರಣಿ ಬರ್ದಂಗ ಆತು," ಎಂದು ಗೊಣಗಿದರು. "ನಡೀರಿ."

ಇಳಿದು, ಮತ್ತೆ ಏರಿ, ಆಚೆಯ ದಿಬ್ಬ ಮುಟ್ಟುವಷ್ಟರಲ್ಲಿ ಕಾಕಾನ ನಿಸರ್ಗವರ್ಣನೆ ನಿಂತುಹೋಗಿತ್ತು. ಅಲ್ಲಿಯೂ ಗುಪ್ಪೆಗಳು. "ನೋಡು, ಕಲ್ಲು ಇಡಾಕೂ ಬರೂದಿಲ್ಲ ಇವ್ರಿಗೆ," ಎಂದರು ಅತ್ತೆಮನೆಯವರ ಕಲ್ಲುಗಳನ್ನು ನೋಡಿ. ಅಷ್ಟು ಉಸಿರು ಉಳಿದಿತ್ತು. ನಾನು ಪೈಪು ಹಿಡಿದು ಹಿಂದೆ ನೋಡಿದೆ. ನಮ್ಮ ದಿಬ್ಬ ಗೆರೆಯ ಕೆಳಗೆ ಬಿದ್ದಿತ್ತು.

"ಆತಲ್ಲ? ಇದು ನೆತ್ತಿ. ಒಪ್ಪಿದೆ. ಅಕಿ ಗೆದ್ಲು. ಹಚ್ಚು ಫೋನ್."

ಆತೆಂದು ಹೇಳಬಹುದಿತ್ತು. ಆದರೆ ಕೈಯಲ್ಲಿ ಸಾಧನವಿದ್ದವರು ಒಂದೇ ದಿಕ್ಕಿಗೆ ನೋಡುವುದಿಲ್ಲ. ಸುಮ್ಮನೆ ಇನ್ನೊಂದು ಕಡೆ ತಿರುಗಿದೆ. ಅತ್ತ ಗುಡ್ಡದ ಬೆನ್ನು ಚೂರು ತಗ್ಗಿ ಮತ್ತೆ ಉಬ್ಬಿ ಅಗಲವಾದ ಒಂದು ಹಾಸುಬಂಡೆಯಾಗಿತ್ತು. ಗುಪ್ಪೆಯಿಲ್ಲ, ಚೂಪಿಲ್ಲ, ಯಾರ ಊರಿಗೂ ಕಾಣುವಂಥದ್ದಲ್ಲ. ಶರಬತ್ತಿನ ಗೆರೆಯ ಮೇಲೆ ಅದು ಬೆರಳಷ್ಟು ಎದ್ದು ಕಂಡಿತು.

"ಬೇಟಿ," ಎಂದರು ಚಾಚಾ ನನ್ನ ಮುಖ ನೋಡಿಯೇ, "ಆ ಪೈಪ್ ಒಗಿ ಅತ್ಲಾಗ."

"ಅದು ಇನ್ನೂ ಎತ್ತರ ಐತಿ ಚಾಚಾ. ಇಲ್ಲೇ ಐತಿ, ಹೋದ್ರ ಹೋದ್ವಿ."

ಕಾಕಾ ನನ್ನನ್ನು ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ, ನಡೆದರು. ಮೂವರೂ ಆ ತಗ್ಗಿಗೆ ಇಳಿದೆವು. ತಗ್ಗಿನ ನಡುವೆ ಒಂದು ಗುಂಡುಕಲ್ಲು. ಕಾಕಾ ಅದರ ಹತ್ತಿರ ನಿಂತರು. ಬಂಡೆಯನ್ನು ನೋಡಿದರು. ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು, ರಾಶಿಯೊಳಗೆ ಕೈಯಿಟ್ಟು ಕಾಯಿ ಮುಟ್ಟಿ ನೋಡುವ ಹಾಗೆ. ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟರು.

"ನೀ ಹೋಗಿ ನೋಡ್ಕೊಂಡು ಬಾ. ನಾ ಕುಂತಿರ್ತೇನಿ."

"ಕಾಕಾ, ಇಷ್ಟ ಉಳದೈತ್ರಿ. ಕೀಲಿ…"

"ಕುಂತೇನಿ ಅಂದ್ನೆಲ್ಲ."

ಚಾಚಾ ಏನಾದರೂ ಚುಚ್ಚುತ್ತಾರೆಂದು ನೋಡಿದೆ. ಅವರು ಗೆಳೆಯನ ಪಕ್ಕ ನೆಲದ ಮೇಲೆ ಕೂತರು. ನನಗೆ ಸಿಟ್ಟು ಬಂದಿತ್ತು. ಗೆದ್ದ ವಾದವನ್ನು ಕೊನೆಯ ವಾಕ್ಯದಲ್ಲಿ ಬಿಟ್ಟುಕೊಟ್ಟ ಹಾಗೆ. ಒಬ್ಬಳೇ ಬಂಡೆ ಹತ್ತಿದೆ.

ನಿಜವಾದ ನೆತ್ತಿ ಹೇಗಿತ್ತು ಎಂದು ನೀವು ಕೇಳಬಹುದು. ಆಡಿನ ಹಿಕ್ಕೆ ಇತ್ತು. ಒಂದು ಸೀಳಿನಲ್ಲಿ ಒಂದಿಷ್ಟು ಹುಲ್ಲು. ಬಂಡೆ ಎಷ್ಟು ಅಗಲವಿತ್ತೆಂದರೆ ಅದರಲ್ಲೂ ಯಾವ ಜಾಗ ಎಲ್ಲಕ್ಕಿಂತ ಎತ್ತರ ಎಂದು ಗೊತ್ತಾಗದೆ ಅತ್ತಿತ್ತ ನಡೆದು ಎಲ್ಲ ಕಡೆ ತುಳಿದೆ, ಒಂದು ಹೆಜ್ಜೆಯಾದರೂ ಸರಿಯಾಗಿರಲಿ ಎಂದು. ತಮಾಷೆಯೆಂದರೆ ಅಲ್ಲಿಂದ ನೋಡಿದರೆ ಎರಡೂ ಊರಿನ ಗುಪ್ಪೆಗಳು ನನಗಿಂತ ಎತ್ತರದಲ್ಲಿರುವ ಹಾಗೆ ಕಾಣುತ್ತಿದ್ದವು. "ಕಾಕಾ, ಇದ ನೆತ್ತಿ!" ಎಂದು ಕೂಗಿದೆ. ಕೆಳಗೆ ಕಾಕಾ ಕೂತಲ್ಲಿಂದಲೇ ಕೈಯೆತ್ತಿದರು. ಕಲ್ಲಿಡಲು ಬಗ್ಗಿದವಳು ಇಡದೆ ಬಂದೆ. ಇಟ್ಟಿದ್ದರೆ ಮೂರನೆಯ ಪಕ್ಷವೊಂದು ಹುಟ್ಟುತ್ತಿತ್ತು.

ಮನೆಗೆ ಬಂದಾಗ ಕಾಕಿ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ತಲೆಯೆತ್ತದೆ ಕೇಳಿದಳು: "ಮುಟ್ಟಿದ್ರೇನು?"

"ಮುಟ್ಟಿದ್ವಿ ಅಕ್ಕಾರ! ಒಂದಲ್ಲ, ಎರಡೆರಡು…" ಚಾಚಾ ಶುರು ಮಾಡಿದರು.

"ನಿಮ್ಮನ್ನ ಕೇಳಿಲ್ಲ ಖಾದರಸಾಬ್ರ. ಅಕಿನ್ನ ಕೇಳೇನಿ."

ಕಾಕಾ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಗಳನ್ನು ಓದತೊಡಗಿದರು.

"ಮುಟ್ಟಿಲ್ಲ ಕಾಕಿ," ಅಂದೆ. ಮೊದಲಿನಿಂದ ಹೇಳಿದೆ. ಎರಡನೆಯ ದಿಬ್ಬಕ್ಕೆ ಬಂದಾಗ ಕಾಕಿ ಕೈಯೆತ್ತಿದಳು.

"ತಡಿ. ನಮ್ಮೂರ ಕಡೆ ದಿಬ್ಬ ಇವ್ರೂರ ಕಡೀದಕ್ಕಿಂತ ಎತ್ತರ ಅಂದಿ?"

"ಹೂಂ."

"ಪೈಪಿನ್ಯಾಗ ಕಂಡೈತಿ?"

"ಕಂಡೈತಿ. ಕಾಕಾನೂ ಒಪ್ಯಾರ."

ಕಾಕಿ ಕಾಕಾನ ಕಡೆ ತಿರುಗಿದಳು. ಏನೂ ಹೇಳದೆ ಅಷ್ಟೊಂದು ಹೇಳಿದ್ದನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿಲ್ಲ.

"ಮುಂದ?"

"ಮೂರನೇದು ಎಲ್ಲಾಕ್ಕಿಂತ ಎತ್ತರ. ಅಲ್ಲಿಗೆ ನಾ ಒಬ್ಬಾಕೆ ಹೋದೆ. ಕಾಕಾ ತಗ್ಗಿನ್ಯಾಗ ಕುಂತ್ರು."

ತೊಟ್ಟು ಮುರಿಯುವ ಕೈ ನಿಂತಿತು.

"ಬಿದ್ರೇನು?"

"ಇಲ್ಲ. ಕುಂತ್ರು."

"ಯಾರ ಕುಂದ್ರಿಸಿದ್ರು?"

"ಯಾರೂ ಇಲ್ಲ. ತಾವ ಕುಂತ್ರು."

"ಎಷ್ಟ ದೂರ ಉಳದಿತ್ತು?"

"ಇಲ್ಲಿಂದ ಹಿಂದಿನ ಓಣಿ ಬಾವಿಯಷ್ಟು."

"ಅಷ್ಟ ಉಳದಿದ್ರೂ ಕುಂತ್ರು?" ಇದನ್ನು ಕೇಳಿದ್ದು ನನ್ನನ್ನಲ್ಲ. ಕಾಕಾ ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ, "ಎದಿ ಬ್ಯಾಡ ಅಂತು," ಅಂದರು.

ಕಾಕಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಕಾಕಾನ ಮುಂದಿನ ಕಟ್ಟೆಯ ಮೇಲಿಟ್ಟಳು. "ನಾಳೆ ಸೋಮವಾರ, ಹೋಗ್ರಿ."

ಇಲ್ಲಿ ಸುಮ್ಮನಿರುವುದು ನನ್ನ ತರಬೇತಿಗೆ ವಿರುದ್ಧವಾಗಿತ್ತು. "ಕಾಕಿ, ಕರಾರು ನೆತ್ತಿದು. ನೆತ್ತಿ ಮುಟ್ಟಿಲ್ಲ ಅಂತ ಈಗ ಹೇಳಿದ್ನೆಲ್ಲ."

"ಏ, ಬಾಯಿ ಮುಚ್ಚ!" ಎಂದು ಕಾಕಾ ಕೀಲಿಯನ್ನು ಕಿಸೆಗೆ ಸೇರಿಸಿದರು.

"ಇವ್ರು ತಾವಾಗಿ ಕುಂತಾರ. ಇನ್ನ ನೆತ್ತಿ ತಗೊಂಡು ಏನ ಮಾಡ್ಲಿ?" ಎಂದು ಕಾಕಿ ಒಳಗೆ ಹೋದಳು.

ಇದು ಚಂದದ ಮಾತು, ಒಪ್ಪುತ್ತೇನೆ. ಚಂದದ ಮಾತು ಕೇಳಿದ ಕೂಡಲೇ ನನಗೆ ಅನುಮಾನ ಬರುತ್ತದೆ. ಗುಡ್ಡಕ್ಕೆ ಕಳಿಸುವಾಗಲೇ ಕಾಕಿಯ ಮನಸ್ಸಿನಲ್ಲಿ ಇದಿತ್ತೋ, ನನ್ನ ವರದಿ ಕೇಳಿ ಅಲ್ಲೇ ಹೊಳೆಯಿತೋ? ಅಥವಾ ಏನು ಮಾಡಿಕೊಂಡು ಬಂದಿದ್ದರೂ ಕೀಲಿ ಕೊಡುವುದೆಂದು ಮೊದಲೇ ತೀರ್ಮಾನವಾಗಿತ್ತೋ? ಮೂರನೆಯದಕ್ಕೆ ಪುರಾವೆಯೊಂದಿದೆ. ಊಟಕ್ಕೆ ಶೇಂಗಾದ ಹೋಳಿಗೆ ಇತ್ತು. ಅದು ಗುಡ್ಡದಿಂದ ಬಂದವರ ವರದಿ ಕೇಳಿ ಅರ್ಧ ತಾಸಿನಲ್ಲಿ ಆಗುವ ಅಡುಗೆಯಲ್ಲ. ಕೇಳಿದರೆ ಕಾಕಿ, "ಹೋಳಿಗಿ ತಿನ್ನು, ತನಿಖಿ ಮಾಡಬ್ಯಾಡ," ಅಂದಳು. ಕಾಕಾ ಆವತ್ತು ಕೂತು ಉಂಡರು. ಗುಡ್ಡ ಹತ್ತಿ ಕಾಲು ಸೋತದ್ದಕ್ಕೂ ಇರಬಹುದು.

ಸೋಮವಾರ ನಾನು ಅಂಗಡಿಯಲ್ಲಿದ್ದೆ. ನೋಡುವ ಕುತೂಹಲಕ್ಕೆ ಹೋಗಿದ್ದೆ, ಬೇರೇನಿಲ್ಲ. ಖಾದರ ಚಾಚಾ ತಮ್ಮ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬಾಗಿಲಲ್ಲಿ ಹಾಕಿದ್ದರು. ಅದರ ಮೇಲೆ ಕಾಕಾನ ಟವೆಲ್ಲು ಕೂತಿತ್ತು. ಕಾಕಾ ಎದುರಿನ ರಾಶಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ನಿಂತಿದ್ದರು. ಮುಖ ಮೆಣಸಿನಕಾಯಿಯಷ್ಟೇ ಕೆಂಪಗೆ ಹೊಳೆಯುತ್ತಿತ್ತು. ಟೆಂಡರಿನ ಹೊತ್ತಿಗೆ ಸರಿಯಾಗಿ ಫೋನು ಬಂತು. ಒಂದು ಕೈ ರಾಶಿಯಲ್ಲಿದ್ದುದರಿಂದ ಕಾಕಾ ಸ್ಪೀಕರಿಗೆ ಹಾಕಿದರು.

"ಕುಂತೀರೋ ನಿಂತೀರೋ?" ಕಾಕಿಯ ದನಿ.

"ಕುಂತೇನಿ, ಕುಂತೇನಿ."

"ಅಕಿ ಅಲ್ಲೇ ಅದಾಳಲ್ಲ? ಅಕಿ ಕೈಯಾಗ ಕೊಡ್ರಿ."

ಕಾಕಾ ಫೋನನ್ನು ನನ್ನತ್ತ ಚಾಚಿದರು. ಕಣ್ಣಲ್ಲೇ ಬೇಡಿಕೊಂಡರು. ಖಾದರ ಚಾಚಾ ಚೀಲ ಮಡಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಫೋನು ಹಿಡಿದು ಬಾಯಿ ತೆರೆಯದೆ ಕಾಕಾನನ್ನೇ ನೋಡುತ್ತ ನಿಂತೆ. ಪರವೂ ಇಲ್ಲ, ವಿರೋಧವೂ ಇಲ್ಲ.

ಕಾಕಾ ರಾಶಿಯ ಹೊಟ್ಟೆಯಿಂದ ಕೈಯನ್ನು ಮೆಲ್ಲಗೆ ಹೊರಗೆ ತೆಗೆದರು. ಅಂಗೈಯಲ್ಲಿದ್ದ ಕಾಯಿಗಳನ್ನು ರಾಶಿಯ ಮೇಲೆ ಚೆಲ್ಲಿದರು. ನಡೆದು ಬಂದು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಕೂತರು.

"ಕುಂತಾರ ಕಾಕಿ," ಅಂದೆ.